ನಾಯಿಯ ಚರ್ಮದ ಸಣ್ಣ ಸೋಂಕು: ಮನೆಯಲ್ಲಿ ಎಷ್ಟು ಮಾಡಬಹುದು, ಎಲ್ಲಿ ನಿಲ್ಲಿಸಬೇಕು

ಪ್ರಶ್ನೆ

ನಮ್ಮ ಮನೆಯಲ್ಲಿ ದಟ್ಟ ಕೂದಲಿನ, ನಾಲ್ಕು ವರ್ಷದ ಹೆಣ್ಣು ನಾಯಿ ಇದೆ. ಮೊನ್ನೆಯಿಂದ ಅದು ತೊಡೆಯ ಹೊರಭಾಗವನ್ನು ಬಿಡದೆ ನೆಕ್ಕುತ್ತಿದೆ. ಅಲ್ಲಿ ಅರ್ಧ ಅಂಗೈಯಷ್ಟು ಜಾಗ ಒದ್ದೆಯಾಗಿ ಕೆಂಪಗಾಗಿದೆ, ಕೂದಲು ಅಂಟಿಕೊಂಡು ಸ್ವಲ್ಪ ವಾಸನೆಯೂ ಬರುತ್ತಿದೆ. ಹೊಟ್ಟೆಯ ಕೂದಲಿಲ್ಲದ ಭಾಗದಲ್ಲಿ ಕೆಲವು ಸಣ್ಣ ಗುಳ್ಳೆಗಳೂ ಇವೆ. ಊಟ, ಆಟ, ಓಡಾಟ ಎಲ್ಲವೂ ಎಂದಿನಂತೆಯೇ ಇವೆ. ಪಶುವೈದ್ಯರ ಭೇಟಿಗೆ ಇನ್ನೂ ಕೆಲವು ದಿನ ಕಾಯಬೇಕಾಗಿದೆ. ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಉತ್ತರ: ದಟ್ಟ ಕೂದಲಿನ ನಾಯಿಗಳನ್ನು ಬಹಳ ವರ್ಷಗಳಿಂದ ಸಾಕುತ್ತಿರುವವರಿಂದ

ತೊಡೆಯ ಮೇಲಿನ ಒದ್ದೆ ಜಾಗದ ಬಗ್ಗೆ ನೀವು ಬರೆದಿರುವುದನ್ನು ನೋಡಿದರೆ, ಅದು ಪಶುವೈದ್ಯರು ಹಾಟ್ ಸ್ಪಾಟ್ ಎಂದು ಕರೆಯುವ ಹುಣ್ಣನ್ನೇ ಹೋಲುತ್ತದೆ. ನನ್ನ ನಾಯಿಗಳಲ್ಲಿ ಇದನ್ನು ಹಲವು ಸಲ ಕಂಡಿದ್ದೇನೆ. ಬೆಳಿಗ್ಗೆ ಹೆಬ್ಬೆರಳಿನ ಉಗುರಿನಷ್ಟಿದ್ದದ್ದು ಸಂಜೆಯ ಹೊತ್ತಿಗೆ ಅಂಗೈಯಷ್ಟಾಗುವುದು ಇದರ ಸ್ವಭಾವ. ನೋಡಿದವರಿಗೆ ಗಾಬರಿಯಾಗುವುದು ಸಹಜವಾದರೂ, ಹುಣ್ಣು ಸಾಮಾನ್ಯವಾಗಿ ಚರ್ಮದ ಮೇಲ್ಪದರದಲ್ಲಿಯೇ ಇರುವುದರಿಂದ, ಸರಿಯಾಗಿ ನೋಡಿಕೊಂಡರೆ ಬೇಗನೆ ಒಣಗಿ ಮಾಯುತ್ತದೆ. ಇದರ ಹಿಂದಿರುವ ಸರಪಳಿ ಇಷ್ಟೇ: ಯಾವುದೋ ಕಾರಣಕ್ಕೆ ತುರಿಕೆ ಅಥವಾ ನೋವು ಶುರುವಾಗುತ್ತದೆ, ನಾಯಿ ನೆಕ್ಕುತ್ತದೆ, ಎಂಜಲಿನ ತೇವ ಕೂದಲಿನಡಿ ಉಳಿಯುತ್ತದೆ, ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಸದಾ ಇರುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾಗಳು ಆ ತೇವದಲ್ಲಿ ವಿಪರೀತ ಹೆಚ್ಚಿಕೊಳ್ಳುತ್ತವೆ, ಅದರಿಂದ ತುರಿಕೆ ಇನ್ನೂ ಏರುತ್ತದೆ, ನಾಯಿ ಇನ್ನೂ ನೆಕ್ಕುತ್ತದೆ. ಮನೆಯಲ್ಲಿ ನಾವು ಮಾಡಬಹುದಾದದ್ದು ಈ ಸರಪಳಿಯನ್ನು ಎರಡು ಕಡೆ ಕತ್ತರಿಸುವುದು. ಒಂದು, ಜಾಗವನ್ನು ಒಣಗಿಸಬೇಕು; ಎರಡು, ನಾಲಿಗೆಯನ್ನು ಅಲ್ಲಿಂದ ದೂರವಿಡಬೇಕು. ಯಾವ ಮುಲಾಮು ಹಚ್ಚಬೇಕು ಎಂಬ ಪ್ರಶ್ನೆ ಇವೆರಡರ ನಂತರ ಬರುತ್ತದೆ.

ಮೊದಲು ಕೂದಲನ್ನು ಬಿಡಿಸಿ ನೋಡಿ. ರಸಿಕೆಯಿಂದ ಅಂಟಿಕೊಂಡ ಕೂದಲು ಹುಣ್ಣಿನ ಮೇಲೆ ಮುಚ್ಚಳದಂತೆ ಕೂತಿರುತ್ತದೆ. ಅದರ ಅಂಚನ್ನು ನಿಧಾನವಾಗಿ ಎತ್ತಿದರೆ ಒಳಗೆ ಹೊಳೆಯುವ, ತಿಳಿಗೆಂಪಿನ, ಬಿಸಿಯಾದ ಚರ್ಮ ಕಾಣುತ್ತದೆ ಮತ್ತು ಹುಣ್ಣು ಹೊರಗೆ ಕಂಡದ್ದಕ್ಕಿಂತ ದೊಡ್ಡದಾಗಿರುತ್ತದೆ. ಈ ಕೂದಲನ್ನು ತೆಗೆಯದೆ ಮೇಲಿನಿಂದ ಏನು ಹಚ್ಚಿದರೂ ಅದು ಚರ್ಮವನ್ನು ತಲುಪುವುದಿಲ್ಲ, ತೇವವೂ ಹೊರಬರುವುದಿಲ್ಲ. ಹುಣ್ಣಿನ ಸುತ್ತ ಒಳ್ಳೆಯ ಚರ್ಮ ಒಂದು ಬೆರಳಿನ ಅಗಲದಷ್ಟು ಕಾಣುವವರೆಗೆ ಕೂದಲನ್ನು ಟ್ರಿಮ್ಮರ್‌ನಿಂದ ತೆಗೆಯಿರಿ. ಕತ್ತರಿ ಬೇಡ. ಊದಿಕೊಂಡ ಚರ್ಮ ಕೂದಲಿನೊಂದಿಗೆ ಮೇಲೆದ್ದು ಕತ್ತರಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ನಾಯಿ ಒಮ್ಮೆ ಕೊಸರಿದರೆ ದೊಡ್ಡ ಗಾಯವೇ ಆಗುತ್ತದೆ. ರೇಜರ್ ಬ್ಲೇಡಿನಿಂದ ಬೋಳಿಸುವುದೂ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಟ್ರಿಮ್ಮರ್‌ನ ಬ್ಲೇಡ್ ಓಡುತ್ತಾ ಬಿಸಿಯಾಗುವುದರಿಂದ ಆಗಾಗ ನಿಲ್ಲಿಸಿ ಮುಟ್ಟಿ ನೋಡಬೇಕು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಇಂಥ ಹುಣ್ಣು ಬಹಳ ನೋಯುತ್ತದೆ, ಎಂದೂ ಕಚ್ಚದ ನಾಯಿಯೂ ನೋವಿಗೆ ಕಚ್ಚಬಹುದು. ಒಬ್ಬರು ತಲೆಯ ಕಡೆ ಕೂತು ಸಮಾಧಾನ ಮಾಡುತ್ತಿದ್ದರೆ ಇನ್ನೊಬ್ಬರು ಕೆಲಸ ಮಾಡಲಿ. ಮುಟ್ಟಲು ಬಿಡುವುದೇ ಇಲ್ಲವೆಂದಾದರೆ ಒತ್ತಾಯ ಮಾಡಬೇಡಿ; ಆ ಕೆಲಸವನ್ನು ವೈದ್ಯರಲ್ಲಿ ಮಾಡಿಸುವುದೇ ಸರಿ.

ತೊಳೆಯಲು ಉಪ್ಪುನೀರು ಸಾಕು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮಟ್ಟಸವಾದ ಒಂದು ಟೀ ಚಮಚ ಉಪ್ಪು ಹಾಕಿ, ಉಗುರುಬೆಚ್ಚಗಿರುವಾಗ ಮೆತ್ತನೆಯ ಬಟ್ಟೆ ಅಥವಾ ಗಾಜ್ ಅದ್ದಿ ಹುಣ್ಣಿನ ಮೇಲೆ ಕೆಲವು ನಿಮಿಷ ಇಡಿ. ಹಕ್ಕಳೆ ನೆನೆದು ತಾನಾಗಿ ಬಿಟ್ಟುಕೊಂಡಷ್ಟನ್ನು ಮಾತ್ರ ಒರೆಸಿ ತೆಗೆಯಿರಿ, ಕೆರೆದು ಎಬ್ಬಿಸಬೇಡಿ. ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿರೋಧಕದ ದ್ರಾವಣ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದನ್ನು ತೆಳುವಾಗಿಯೇ ಬಳಸಬೇಕು: 2 ಶೇಕಡಾ ದ್ರಾವಣವಾದರೆ 25 ಮಿಲಿಲೀಟರಿಗೆ ಒಟ್ಟು ಒಂದು ಲೀಟರ್ ಆಗುವಷ್ಟು ನೀರು ಬೆರೆಸಿದಾಗ ತೆರೆದ ಹುಣ್ಣಿಗೆ ತಕ್ಕ 0.05 ಶೇಕಡಾ ಹದಕ್ಕೆ ಬರುತ್ತದೆ. ಬಾಟಲಿಯ ಮೇಲಿನ ಚೀಟಿಯನ್ನು ಓದಿ, ಅದರಲ್ಲಿ ಆಲ್ಕೋಹಾಲ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ನಂತರ ಒಣಬಟ್ಟೆಯಿಂದ ಉಜ್ಜದೆ ಒತ್ತಿ ಒತ್ತಿ ತೇವವನ್ನು ತೆಗೆದು ಗಾಳಿಗೆ ಬಿಡಿ. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಬೇಕು. ಬ್ಯಾಂಡೇಜ್ ಕಟ್ಟಬಾರದು, ಎಣ್ಣೆ ಸವರಬಾರದು, ಪುಡಿ ಉದುರಿಸಬಾರದು. ಮೊದಲಿನ ಎರಡೂ ತೇವವನ್ನು ಒಳಗೇ ಕೂಡಿಹಾಕುತ್ತವೆ, ಪುಡಿ ರಸಿಕೆಯೊಂದಿಗೆ ಗಟ್ಟಿಯಾಗಿ ಅದರಡಿ ಕೀವು ಕಟ್ಟುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದನ್ನು ಕಂಡು ಅದು ಶುದ್ಧಿ ಮಾಡುತ್ತಿದೆ ಎಂದು ಅನೇಕರು ನಂಬುತ್ತಾರೆ, ಆದರೆ ಮತ್ತೆ ಮತ್ತೆ ಹಾಕಿದರೆ ಅದು ಹೊಸದಾಗಿ ಬೆಳೆಯುತ್ತಿರುವ ಜೀವಕೋಶಗಳನ್ನೂ ಸುಡುತ್ತದೆ.

ಮೊದಲ ದಿನವೇ ಹುಣ್ಣಿನ ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ, ಪ್ರತಿದಿನ ಅದೇ ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ಅಂಚು ಹರಡಿದ್ದು ತಿಳಿಯುವುದಿಲ್ಲ, ಫೋಟೋದಲ್ಲಿ ತಿಳಿಯುತ್ತದೆ. ಒಂದೆರಡು ದಿನಗಳಲ್ಲಿ ರಸಿಕೆ ನಿಂತು, ಮೇಲ್ಮೈ ಒಣಗಿ, ಕೆಂಪು ಮಾಸಬೇಕು. ಹಾಗಾಗದಿದ್ದರೆ, ಇಲ್ಲವೇ ಹುಣ್ಣು ಹರಡುತ್ತಲೇ ಇದ್ದರೆ, ನಿಗದಿಯಾದ ಭೇಟಿಯವರೆಗೆ ಕಾಯದೆ ಅದಕ್ಕೂ ಮೊದಲೇ ತೋರಿಸಲು ಕೇಳಿಕೊಳ್ಳಿ.

ಉತ್ತರ: ಇನ್ನೊಬ್ಬರಿಂದ, ಕೊರಳಪಟ್ಟಿಯ ಬಗ್ಗೆ

ಮೇಲಿನ ಸಲಹೆಯಲ್ಲಿ ನಾಲಿಗೆಯನ್ನು ದೂರವಿಡಬೇಕು ಎಂಬ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಕೋನ್ ಎಂದು ಕರೆಯುವ ಪ್ಲಾಸ್ಟಿಕ್ ಕೊರಳಪಟ್ಟಿಯನ್ನು ಹಾಕಿದಾಗ ನಾಯಿ ಬಾಗಿಲಿಗೆ, ಗೋಡೆಗೆ ಬಡಿದುಕೊಳ್ಳುತ್ತಾ ಮುಖ ಸಪ್ಪಗೆ ಮಾಡಿಕೊಂಡು ನಿಂತರೆ ಯಾರಿಗೂ ಕರುಳು ಚುರುಕ್ಕೆನ್ನುತ್ತದೆ, ತೆಗೆದುಬಿಡುವ ಮನಸ್ಸಾಗುತ್ತದೆ. ದಯವಿಟ್ಟು ತೆಗೆಯಬೇಡಿ. ನಾವು ಎದುರಿಗಿದ್ದಾಗ ನೆಕ್ಕದ ನಾಯಿ ನಾವು ಮಲಗಿದ ಮೇಲೆ ನೆಕ್ಕುತ್ತದೆ, ಮತ್ತು ಅರ್ಧ ಗಂಟೆಯ ನೆಕ್ಕುವಿಕೆ ಇಡೀ ದಿನದ ಆರೈಕೆಯನ್ನು ಹಾಳುಮಾಡುತ್ತದೆ. ತಿಳಿಬಣ್ಣದ ನಾಯಿಯಾದರೆ ಒಂದು ಗುರುತು ಸಿಗುತ್ತದೆ: ಸದಾ ನೆಕ್ಕುವ ಕಡೆ ಎಂಜಲಿನಿಂದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ.

ಕೋನ್ ಮೂಗಿನ ತುದಿಯಿಂದ ಸ್ವಲ್ಪ ಮುಂದಕ್ಕೆ ಚಾಚಿರಬೇಕು. ಗಿಡ್ಡವಾದರೆ ನಾಯಿ ಬಗ್ಗಿ ತೊಡೆಯನ್ನು ಮುಟ್ಟಿಯೇ ಮುಟ್ಟುತ್ತದೆ. ಕೊರಳಿನ ಹತ್ತಿರ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಗಾಳಿ ತುಂಬಿಸುವ ದಿಂಬಿನಂಥ ಪಟ್ಟಿಗಳು ಆರಾಮವೇನೋ ಹೌದು, ಆದರೆ ಉದ್ದ ಮೂತಿಯ ನಾಯಿ ಅದನ್ನು ದಾಟಿ ತೊಡೆಯನ್ನು ತಲುಪುತ್ತದೆ, ಆದ್ದರಿಂದ ನಿಮ್ಮ ಸಂದರ್ಭದಲ್ಲಿ ಅದು ನಂಬಿಕೆಗೆ ಅರ್ಹವಲ್ಲ. ಊಟದ ಹೊತ್ತಿಗೆ ನೀವು ಪಕ್ಕದಲ್ಲೇ ಕೂತು ಕೋನ್ ತೆಗೆಯಬಹುದು, ಊಟ ಮುಗಿದೊಡನೆ ಮತ್ತೆ ಹಾಕಬೇಕು. ಕೊರಳಿನ ಸುತ್ತ ಚರ್ಮ ಉಜ್ಜಿ ಕೆಂಪಾಗಿದೆಯೇ ಎಂದು ದಿನವೂ ನೋಡುವುದನ್ನು ಮರೆಯಬೇಡಿ.

ಉತ್ತರ: ಪ್ರಾಣಿ ಚಿಕಿತ್ಸಾಲಯದಲ್ಲಿ ಸಹಾಯಕರಾಗಿ ಕೆಲಸ ಮಾಡಿದವರಿಂದ

ಹೊಟ್ಟೆಯ ಮೇಲಿನ ಗುಳ್ಳೆಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಒಳ್ಳೆಯ ಬೆಳಕಿನಲ್ಲಿ ನಾಯಿಯನ್ನು ಅಂಗಾತ ಮಲಗಿಸಿ ನೋಡಿ. ಕೆಂಪು ಗುಳ್ಳೆಯ ತುದಿಯಲ್ಲಿ ಬಿಳಿ ಅಥವಾ ಹಳದಿ ಚುಕ್ಕೆಯಿದ್ದರೆ ಅದು ಕೀವುಗುಳ್ಳೆ. ನಾಯಿಯ ಚರ್ಮ ತೆಳುವಾದ್ದರಿಂದ ಕೀವುಗುಳ್ಳೆ ಬೇಗನೆ ಒಡೆದುಹೋಗುತ್ತದೆ. ಒಡೆದ ಮೇಲೆ ಉಳಿಯುವುದು ಒಂದು ಉಂಗುರ, ನಡುವೆ ಬರಿಯ ಚರ್ಮ, ಅಂಚಿನಲ್ಲಿ ಸುತ್ತಲೂ ಸುಲಿಯುತ್ತಿರುವ ತೆಳ್ಳನೆಯ ಹೊಟ್ಟು. ಈ ಉಂಗುರವನ್ನು ಕಂಡು ಹುಳುಕಡ್ಡಿ ಎಂದು ತಿಳಿದು ಶಿಲೀಂಧ್ರದ ಮುಲಾಮು ಹಚ್ಚುವವರು ಬಹಳ ಮಂದಿ. ನಾಯಿಗಳಲ್ಲಿ ಇಂಥ ಉಂಗುರ ಹೆಚ್ಚಾಗಿ ಬ್ಯಾಕ್ಟೀರಿಯಾದ ಸೋಂಕಿನಿಂದಲೇ ಆಗಿರುತ್ತದೆ. ಹಾಗೆಂದು ಹುಳುಕಡ್ಡಿಯ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಅದು ಮನುಷ್ಯರಿಗೂ ಹರಡುತ್ತದೆ. ಆದ್ದರಿಂದ ಮನೆಯವರಲ್ಲಿ ಯಾರಿಗಾದರೂ ತುರಿಕೆಯ ಕಲೆಗಳು ಕಾಣಿಸಿಕೊಂಡಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಕಿವಿಯ ಅಂಚಿನಲ್ಲಿ, ಮೊಣಕೈಯಲ್ಲಿ ವಿಪರೀತ ತುರಿಕೆಯಿದ್ದು ಕೂದಲು ಉದುರುತ್ತಿದ್ದರೆ ಕಜ್ಜಿ ತರುವ ನುಸಿಯ ಸಂಶಯ ಬರಬೇಕು, ಅದೂ ಮನುಷ್ಯರಿಗೆ ತುರಿಕೆ ತರುತ್ತದೆ. ಜಿಡ್ಡುಜಿಡ್ಡಾದ ಚರ್ಮ, ಕಮಟು ವಾಸನೆ, ಬೆರಳುಗಳ ಸಂದಿನಲ್ಲಿ ಕಂದುಬಣ್ಣ ಇವೆಲ್ಲ ಸೇರಿದ್ದರೆ ಯೀಸ್ಟ್ ಇರಬಹುದು. ಬರಿಗಣ್ಣಿಗೆ ಇವು ಒಂದನ್ನೊಂದು ಹೋಲುತ್ತವೆ. ಚಿಕಿತ್ಸಾಲಯದಲ್ಲಿ ಗಾಜಿನ ಪಟ್ಟಿಯನ್ನೋ ಅಂಟುಪಟ್ಟಿಯನ್ನೋ ಚರ್ಮಕ್ಕೆ ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಇದೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ನುಸಿಗೆ ಚರ್ಮವನ್ನು ಮೆಲ್ಲಗೆ ಕೆರೆದು ನೋಡುತ್ತಾರೆ. ನೀವು ಹೋದಾಗ ಈ ಪರೀಕ್ಷೆಗಳನ್ನು ಮಾಡುವಿರಾ ಎಂದು ಸಂಕೋಚವಿಲ್ಲದೆ ಕೇಳಿ.

ಮೇಲ್ಪದರದ ಸೋಂಕಿಗೆ ಮನೆಯಲ್ಲಿ ಬಳಸಲು ನಾನು ಕಂಡಂತೆ ಹೆಚ್ಚು ಪ್ರಯೋಜನಕಾರಿಯಾದದ್ದು ನಾಯಿಗಳಿಗೆಂದೇ ತಯಾರಿಸಿದ, 2ರಿಂದ 4 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ. ವಾರಕ್ಕೆ ಎರಡು ಮೂರು ಸಲ ಅದನ್ನು ಬಳಸುವುದು ರೂಢಿ. ಇದು ಫಲ ಕೊಡಲಿಲ್ಲ ಎಂದು ಹೇಳುವವರನ್ನು ವಿಚಾರಿಸಿದಾಗ ಬಹುತೇಕ ಒಂದೇ ಸಂಗತಿ ಹೊರಬರುತ್ತಿತ್ತು: ಹಚ್ಚಿದ ಕೂಡಲೇ ತೊಳೆದುಬಿಡುತ್ತಿದ್ದರು. ಶಾಂಪೂ ಚರ್ಮದ ಮೇಲೆ 10 ನಿಮಿಷ ಇರಲೇಬೇಕು, ಅದೂ ಕೂದಲಿನ ಮೇಲಲ್ಲ, ಬೆರಳ ತುದಿಗಳಿಂದ ಚರ್ಮದವರೆಗೆ ಇಳಿಸಿದ ನಂತರ. ಗಡಿಯಾರ ನೋಡಿಯೇ ಲೆಕ್ಕ ಹಾಕಿ, ಏಕೆಂದರೆ ಒದ್ದೆ ನಾಯಿಯನ್ನು ಹಿಡಿದು ನಿಂತವರಿಗೆ ಮೂರು ನಿಮಿಷವೇ ಹತ್ತು ನಿಮಿಷದಂತೆ ಅನ್ನಿಸುತ್ತದೆ. ಮೊದಲು ಸೋಂಕಿರುವ ಕಡೆ ಹಚ್ಚಿ, ನಂತರ ಉಳಿದ ಮೈಗೆ ಹೋದರೆ ಕಾಯುವ ಹೊತ್ತು ಕೆಲಸದಲ್ಲೇ ಕಳೆಯುತ್ತದೆ. ನೀರು ಬಿಸಿಯಾಗಿರಬಾರದು, ಬಿಸಿನೀರು ತುರಿಕೆಯನ್ನು ಹೆಚ್ಚಿಸುತ್ತದೆ. ಮಾಮೂಲಿ ಸೋಪನ್ನು ಇದರೊಂದಿಗೆ ಸೇರಿಸಬೇಡಿ, ಸೋಪಿನ ಅಂಶ ಉಳಿದಿದ್ದರೆ ಕ್ಲೋರ್‌ಹೆಕ್ಸಿಡಿನ್‌ನ ಶಕ್ತಿ ಕುಂದುತ್ತದೆ. ಕಣ್ಣಿಗೆ, ಕಿವಿಯೊಳಕ್ಕೆ ಹೋಗದಂತೆ ನೋಡಿಕೊಳ್ಳಿ. ಕಣ್ಣಿನ ಮೇಲ್ಮೈಗೆ ಅದು ಹಾನಿಕರ, ಹರಿದ ಕಿವಿತಮಟೆಯ ಮೂಲಕ ಒಳಗೆ ಇಳಿದರೆ ಕೇಳುವ ಶಕ್ತಿಗೇ ಅಪಾಯ. ಕೊನೆಗೆ ಚೆನ್ನಾಗಿ ತೊಳೆದು, ದಟ್ಟ ಕೂದಲನ್ನು ಬುಡದವರೆಗೆ ಒಣಗಿಸಿ. ಮೇಲೆ ಒಣಗಿ ಅಡಿಯಲ್ಲಿ ತೇವ ಉಳಿದ ಕೂದಲೇ ಮುಂದಿನ ಹಾಟ್ ಸ್ಪಾಟ್‌ಗೆ ಜಾಗ ಮಾಡಿಕೊಡುತ್ತದೆ. ತೊಡೆಯ ಹುಣ್ಣು ತೆರೆದಿರುವವರೆಗೆ ಅಲ್ಲಿಗೆ ಶಾಂಪೂ ತಾಗಿಸಬೇಡಿ, ಅಲ್ಲಿಗೆ ಮೇಲೆ ಹೇಳಿದ ತೆಳು ದ್ರಾವಣವೇ ಸಾಕು.

ಗುಣ ಕಾಣಲು ತಾಳ್ಮೆ ಬೇಕು. ನಾಯಿಯ ಹೊರಚರ್ಮ ಪೂರ್ತಿ ಹೊಸದಾಗಲು ಸುಮಾರು ಮೂರು ವಾರ ಹಿಡಿಯುತ್ತದೆ. ಗುಳ್ಳೆ ಮಾಯವಾಯಿತೆಂದು ಆರೈಕೆಯನ್ನು ಮರುದಿನವೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಧನ್ಯವಾದಗಳು. ಕೂದಲು ತೆಗೆದು ತೊಳೆದಿದ್ದೇವೆ. ಹುಣ್ಣು ನಿಜವಾಗಿಯೂ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಕೋನ್ ಕೂಡ ಹಾಕಿದ್ದೇವೆ. ಇನ್ನೊಂದು ಸಂದೇಹ: ಮನೆಯಲ್ಲಿ ನಮಗೆಂದು ತಂದ ಚರ್ಮದ ಮುಲಾಮುಗಳಿವೆ, ಹಿಂದೆ ಇದೇ ನಾಯಿಗೆ ಕೊಟ್ಟು ಉಳಿದ ಆ್ಯಂಟಿಬಯಾಟಿಕ್ ಮಾತ್ರೆಗಳೂ ಇವೆ. ಅವುಗಳನ್ನು ಬಳಸಬಹುದೇ?

ಉತ್ತರ: ಚಿಕಿತ್ಸಾಲಯದ ಅದೇ ಸಹಾಯಕರಿಂದ

ಬೇಡ, ಎರಡೂ ಬೇಡ. ಮುಲಾಮನ್ನು ನಾವು ಹಚ್ಚಿಕೊಂಡರೆ ಅದು ಚರ್ಮದ ಮೇಲೆ ಉಳಿಯುತ್ತದೆ, ನಾಯಿಗೆ ಹಚ್ಚಿದರೆ ಹೊಟ್ಟೆಗೆ ಹೋಗುತ್ತದೆ. ಸತುವಿನ ಆಕ್ಸೈಡ್ ಇರುವ ಮುಲಾಮನ್ನು ಮತ್ತೆ ಮತ್ತೆ ನೆಕ್ಕಿದರೆ ಸತುವಿನ ವಿಷವೇರಿ ರಕ್ತಕಣಗಳು ಒಡೆಯಬಹುದು. ಸೋರಿಯಾಸಿಸ್‌ಗೆ ಬಳಸುವ ಕ್ಯಾಲ್ಸಿಪೋಟ್ರೈನ್, ಚರ್ಮದ ಕ್ಯಾನ್ಸರ್‌ಗೆ ಬಳಸುವ ಫ್ಲೋರೋಯುರಾಸಿಲ್ ಇವು ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ಪ್ರಾಣಕ್ಕೆ ಅಪಾಯ. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಜಠರ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಸ್ಟೀರಾಯ್ಡ್ ಮುಲಾಮು ಕೆಂಪನ್ನು ತಗ್ಗಿಸಿ ಗುಣವಾದಂತೆ ತೋರಿಸುತ್ತದೆ, ಆದರೆ ಸೋಂಕು ಅಥವಾ ಹುಳುಕಡ್ಡಿ ಇದ್ದಲ್ಲಿ ಅದನ್ನು ಬೆಳೆಸುತ್ತದೆ. ಯಾವಾಗ ಹಚ್ಚಬೇಕು ಎಂಬುದನ್ನು ವೈದ್ಯರೇ ಹೇಳಲಿ. ಟೀ ಟ್ರೀ ಎಣ್ಣೆ ಪ್ರಾಕೃತಿಕವೆಂದು ಹಚ್ಚುವವರಿದ್ದಾರೆ, ಅದು ನಾಯಿಗಳಿಗೆ ವಿಷ. ನೆಲ ಒರೆಸುವ ಫಿನಾಲ್ ತರಹದ ದ್ರಾವಣಗಳನ್ನು ಎಷ್ಟೇ ತೆಳು ಮಾಡಿದರೂ ನಾಯಿಯ ಮೈಗೆ ಸೋಕಿಸಬಾರದು. ನೋವು ಕಡಿಮೆಯಾಗಲೆಂದು ನಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಕೊಡುವ ಯೋಚನೆಯನ್ನೂ ಮಾಡಬೇಡಿ.

ಉಳಿದ ಆ್ಯಂಟಿಬಯಾಟಿಕ್‌ಗಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚಿನ ಕಾಳಜಿಯಿದೆ. ಕೈಗೆ ಸಿಕ್ಕ ನಾಲ್ಕು ಮಾತ್ರೆಗಳನ್ನು ಕೊಟ್ಟು ನಿಲ್ಲಿಸಿದರೆ ದುರ್ಬಲ ಬ್ಯಾಕ್ಟೀರಿಯಾಗಳು ಸತ್ತು, ಔಷಧಿಯನ್ನು ತಡೆದುಕೊಳ್ಳಬಲ್ಲವು ಉಳಿದು ಬೆಳೆಯುತ್ತವೆ. ನಾಯಿಯ ಚರ್ಮದ ಸ್ಟೆಫೈಲೊಕಾಕಸ್‌ಗಳಲ್ಲಿ ಮೆಥಿಸಿಲಿನ್ ಗುಂಪಿನ ಔಷಧಿಗೆ ಬಗ್ಗದ ತಳಿಗಳು ಈಗಾಗಲೇ ಅನೇಕ ದೇಶಗಳಲ್ಲಿ ಹರಡಿವೆ, ಅಂಥ ಸೋಂಕು ತಗುಲಿದ ನಾಯಿಗೆ ಸಾಮಾನ್ಯ ಮಾತ್ರೆಗಳು ನಾಟುವುದಿಲ್ಲ. ಮೇಲ್ಪದರದ ಸೋಂಕಿಗೆ ಮಾತ್ರೆಗಿಂತ ಮೊದಲು ಶಾಂಪೂ ಮತ್ತು ಹಚ್ಚುವ ನಂಜುನಿರೋಧಕಗಳನ್ನೇ ಬಳಸಬೇಕೆಂದು ಪಶುವೈದ್ಯಕೀಯ ಚರ್ಮರೋಗ ತಜ್ಞರು ಇಂದು ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ.

ನಾಯಿ ಊಟ ಬಿಟ್ಟರೆ, ಮಂಕಾದರೆ, ಹುಣ್ಣಿನಿಂದ ರಕ್ತ ಬೆರೆತ ಕೀವು ಬಂದರೆ, ಚರ್ಮದಡಿ ಗಂಟು ಅಥವಾ ತೂತು ಕಂಡರೆ, ಅದೇ ದಿನ ತೋರಿಸಬೇಕು. ಗುದದ್ವಾರದಲ್ಲಿ ಇಟ್ಟು ನೋಡಿದ ಮೈಬಿಸಿ ವಿಶ್ರಾಂತಿಯಲ್ಲಿದ್ದಾಗಲೂ 39.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೂ ಹಾಗೆಯೇ. ಆರೋಗ್ಯವಂತ ನಾಯಿಯಲ್ಲಿ ಅದು ಸುಮಾರು 38.3ರಿಂದ 39.2ರ ನಡುವೆ ಇರುತ್ತದೆ. ತೀರ ಚಿಕ್ಕ ಮರಿ, ವಯಸ್ಸಾದ ನಾಯಿ, ಮಧುಮೇಹವಿರುವ ನಾಯಿ ಇವುಗಳಿಗೆ ಮನೆಯ ಆರೈಕೆಯನ್ನೇ ನೆಚ್ಚಿಕೊಂಡು ದಿನ ಕಳೆಯಬಾರದು.

ಉತ್ತರ: ಪದೇ ಪದೇ ಬರುತ್ತಿದ್ದ ಸೋಂಕಿನ ಮೂಲ ಹುಡುಕಿದವರಿಂದ

ಇಲ್ಲಿಯವರೆಗೆ ಬಂದ ಸಲಹೆಗಳು ಈ ಸಲದ ಹುಣ್ಣಿಗೆ ಸಾಕು. ಆದರೆ ನಾಯಿ ಮೊದಲು ನೆಕ್ಕಲು ಶುರುಮಾಡಿದ್ದು ಏಕೆ ಎಂಬುದು ತಿಳಿಯದಿದ್ದರೆ ಹುಣ್ಣು ಮತ್ತೆ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ನಾಯಿಗೆ ಸೊಂಟದಿಂದ ಬಾಲದ ಬುಡದವರೆಗೆ ಸೋಂಕು ಮರುಕಳಿಸುತ್ತಲೇ ಇತ್ತು, ಕಾರಣ ಚಿಗಟ. ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಚಿಗಟದ ಎಂಜಲಿಗೆ ಅಲರ್ಜಿಯಿರುವ ನಾಯಿಗೆ ಕೆಲವೇ ಕಡಿತಗಳು ಸಾಕು, ಮೈಯೆಲ್ಲ ಕೆರೆದುಕೊಳ್ಳುತ್ತದೆ. ಪತ್ತೆ ಮಾಡುವ ಒಂದು ಸುಲಭ ವಿಧಾನವಿದೆ. ಸಂದು ಕಿರಿದಾದ ಹಣಿಗೆಯಿಂದ ಬಾಲದ ಬುಡದ ಕೂದಲನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಬರಿಯ ಮಣ್ಣಾದರೆ ಕಪ್ಪಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ, ಅದು ಜೀರ್ಣವಾದ ರಕ್ತವೇ ಆಗಿರುವುದರಿಂದ, ಪ್ರತಿ ಕಣದ ಸುತ್ತಲೂ ಕೆಂಗಂದು ಬಣ್ಣ ಹರಡುತ್ತದೆ.

ನಾಯಿಯ ಮೈಮೇಲಿನ ಚಿಗಟಗಳನ್ನು ಕೊಂದರೆ ಕೆಲಸ ಮುಗಿಯುವುದಿಲ್ಲ. ಮೈಮೇಲಿರುವ ಬೆಳೆದ ಚಿಗಟಗಳು ಒಟ್ಟು ಸಂಖ್ಯೆಯ ಸುಮಾರು 5 ಶೇಕಡಾ ಮಾತ್ರ ಎಂಬ ಅಂದಾಜಿದೆ, ಉಳಿದವು ಮೊಟ್ಟೆ, ಮರಿಹುಳು, ಕೋಶಗಳಾಗಿ ಹಾಸಿಗೆಯಲ್ಲಿ, ನೆಲದ ಸಂದುಗಳಲ್ಲಿ ಇರುತ್ತವೆ. ಕೋಶದೊಳಗಿನವು ತಿಂಗಳುಗಟ್ಟಲೆ ಕಾಯಬಲ್ಲವು. ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಮೂಲೆಮೂಲೆಗಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು, ಮನೆಯ ಎಲ್ಲ ಪ್ರಾಣಿಗಳಿಗೂ ಒಟ್ಟಿಗೇ ಚಿಗಟದ ಔಷಧಿ ಕೊಡಿಸಿದಾಗ ಮಾತ್ರ ನಮ್ಮಲ್ಲಿ ಹತೋಟಿಗೆ ಬಂತು. ಮನೆಯಲ್ಲಿ ಬೆಕ್ಕೂ ಇದ್ದರೆ ಬಹಳ ಎಚ್ಚರ ಬೇಕು, ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕನ್ನು ಕೊಲ್ಲಬಲ್ಲದು.

ಚಿಗಟ ಇಲ್ಲವೆಂದು ಖಚಿತವಾದರೆ ಬೇರೆ ಕಾರಣಗಳನ್ನು ನೋಡಬೇಕಾಗುತ್ತದೆ. ತೊಡೆಯ ಹೊರಭಾಗವನ್ನೇ ನೆಕ್ಕುವ ನಾಯಿಗೆ ಸೊಂಟದ ಕೀಲಿನ ನೋವು ಅಥವಾ ಗುದದ್ವಾರದ ಪಕ್ಕದ ಗ್ರಂಥಿಗಳು ತುಂಬಿದ ಕಿರಿಕಿರಿ ಇರಬಹುದು. ಏಳುವಾಗ ತಡವರಿಸುತ್ತದೆಯೇ, ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತದೆಯೇ ಎಂದು ಗಮನಿಸಿ. ಕೆನ್ನೆಯ ಮೇಲೆ ಹುಣ್ಣಾಗುವ ನಾಯಿಗಳಲ್ಲಿ ಹಲವು ಸಲ ಮೂಲ ಕಿವಿಯ ಸೋಂಕಾಗಿರುತ್ತದೆ. ಪ್ರತಿವರ್ಷ ಒಂದೇ ಋತುವಿನಲ್ಲಿ ಬಂದರೆ ಪರಾಗದಂಥವುಗಳ ಅಲರ್ಜಿ, ವರ್ಷವಿಡೀ ಇದ್ದರೆ ಧೂಳುನುಸಿಯ ಅಲರ್ಜಿಯನ್ನೂ ಆಹಾರದ ಅಲರ್ಜಿಯನ್ನೂ ಯೋಚಿಸುತ್ತಾರೆ. ತುರಿಕೆಯೇ ಇಲ್ಲದೆ ಸೋಂಕು ಮರುಕಳಿಸುತ್ತಾ, ನಾಯಿ ದಪ್ಪಗಾಗುತ್ತಾ ಸೋಮಾರಿಯಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇವೆಲ್ಲವನ್ನೂ ಈಗಲೇ ಹಚ್ಚಿಕೊಂಡು ಕೊರಗಬೇಡಿ. ಯಾವಾಗ, ಮೈಯ ಯಾವ ಭಾಗದಲ್ಲಿ, ಏನಾದ ಮೇಲೆ ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಹೋಗಿ. ಅಂಥ ಟಿಪ್ಪಣಿಯಿಂದಲೇ ನಮ್ಮ ವೈದ್ಯರು ದಾರಿ ಕಂಡುಕೊಂಡರು.

ಭೇಟಿಯ ದಿನಕ್ಕೆ ಒಂದು ಸೂಚನೆ. ಅಂದು ಬೆಳಿಗ್ಗೆ ನಾಯಿಗೆ ಸ್ನಾನ ಮಾಡಿಸಬೇಡಿ, ಹುಣ್ಣನ್ನೂ ಗುಳ್ಳೆಗಳನ್ನೂ ತೊಳೆಯಬೇಡಿ, ಏಕೆಂದರೆ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದದ್ದು ಆ ಮೇಲ್ಮೈಯಲ್ಲಿಯೇ ಇರುತ್ತದೆ. ಬಳಸಿದ ಶಾಂಪೂ ಮತ್ತು ದ್ರಾವಣದ ಬಾಟಲಿಗಳನ್ನು, ನಾಣ್ಯ ಹಿಡಿದು ತೆಗೆದ ಫೋಟೋಗಳನ್ನು, ಹಳೆಯ ಮಾತ್ರೆಗಳ ಖಾಲಿ ಪಟ್ಟಿಯಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.